ಆ ರಾಕೆಟ್ ಪಿಕ್ಚರುಗಳು ನಮ್ಮಂಥ ವಯಸ್ಸಾದವರದ್ದೂ ಹೌದು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಎರಡು ಭಾನುವಾರದ ಹಿಂದೆ ನಿಮ್ಮ ಪುರವಣಿಯಲ್ಲಿ ಹಳೇ ಇಂಗ್ಲಿಷ್ ಸೈನ್ಸ್ ಫಿಕ್ಷನ್ ಸಿನಿಮಾಗಳ ಬಗ್ಗೆ ಒಂದಿಡೀ ಪುಟ ಬಂದಿತ್ತು. ಡೊಂಬಿವಲಿಯಲ್ಲಿ ಟ್ರೇನ್ ಹತ್ತಿ ಕೂತವ ಘಾಟ್ಕೋಪರ್ ಬರೋದ್ರೊಳಗೆ ಎರಡು ಸಲ ಓದಿದೆ. ಸಣ್ಣ ಸಣ್ಣ ಮಾಡೆಲ್ ಇಟ್ಟು ರಾಕೆಟ್ ಹಾರಿಸಿದ್ದು ಹೇಗೆ, ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ ಆಕಾಶ ತೋರಿಸಿದ್ದು ಹೇಗೆ, ಎಲ್ಲ ಚೆಂದ ಬರ್ದಿದ್ರು, ಬರೆದವರಿಗೆ ಥ್ಯಾಂಕ್ಸ್. ಆದ್ರೆ ಕೊನೇ ಪ್ಯಾರಾದಲ್ಲಿ ಇದು ಯುವಕರ ಸಿನಿಮಾ, ಹಿರಿಯರಿಗೆ ಇದರ ರುಚಿ ಹತ್ತೋದು ಕಷ್ಟ ಅಂತ ಒಂದು ಸಾಲು ಉಂಟಲ್ಲ, ಅದು ಆವತ್ತಿಂದ ನನ್ನ ತಲೆಯಿಂದ ಹೋಗಿಲ್ಲ. ಯಾಕಂದ್ರೆ ಆ ಸಾಲಿಗೆ ಸ್ವಲ್ಪ ಮೇಲೆ ನೀವು ಫೋಟೋ ಹಾಕಿದ ಸಿನಿಮಾಗಳಲ್ಲೇ ಸುಮಾರಷ್ಟು ವಯಸ್ಸಾಗೋದರ ಬಗ್ಗೆ, ಸಾಯೋದರ ಬಗ್ಗೆ ಮಾಡಿದ್ದು, ಅದನ್ನ ಯಾರೂ ಹೇಳೋದಿಲ್ಲ, ಎಲ್ಲರೂ ರಾಕೆಟ್ ನೋಡಿ ಎದ್ದು ಹೋಗ್ತಾರೆ.

ನನ್ನ ವಿಷಯ ಸ್ವಲ್ಪ ಹೇಳ್ಬೇಕು. ನನಗೀಗ 71 ವರ್ಷ. ಕುಂದಾಪುರ ಕಡೆಯ ಹಳ್ಳಿಯಿಂದ 14ನೇ ವಯಸ್ಸಲ್ಲಿ ಬೊಂಬಾಯಿಗೆ ಬಂದವ, ಫೋರ್ಟಲ್ಲಿ ನಮ್ಮ ಕಡೆಯವರದ್ದೇ ಒಂದು ಹೋಟ್ಲಲ್ಲಿ ಮಾಣಿಯಾಗಿದ್ದೆ, ಹಗಲಿಗೆ ಟೇಬಲ್ ಒರೆಸೋದು, ರಾತ್ರಿಗೆ ಕನ್ನಡ ನೈಟ್ ಸ್ಕೂಲು, ಹಾಗೇ ಎಸ್ಸೆಸ್ಸಿ ಮುಗಿಸಿ ಆಮೇಲೆ ಬ್ಯಾಂಕಲ್ಲಿ ಕ್ಲರ್ಕ್ ಆಗಿ ರಿಟೈರ್ ಆದೆ. ರಜೆ ಸಿಕ್ಕಿದ ದಿನ ಮಾರ್ನಿಂಗ್ ಶೋಗೆ ಹೋಗೋದು ನಮ್ಮ ಮಾಣಿಗಳ ಗುಂಪಿನ ಅಭ್ಯಾಸ. ಇಂಗ್ಲಿಷ್ ಯಾರಿಗೂ ಬರ್ತಿರ್ಲಿಲ್ಲ. '2001: ಎ ಸ್ಪೇಸ್ ಒಡಿಸ್ಸಿ' ನಾನು ನೋಡಿದ್ದು ಹಾಗೆ, ಪಿಕ್ಚರ್ 1968ರದ್ದು, ನಾನು ನೋಡುವಾಗ ನನಗೆ 17 ಇರ್ಬೇಕು. ಅದರಲ್ಲಿ ಮೊದಲ ಇಪ್ಪತ್ತೈದು ನಿಮಿಷ ಒಂದು ಮಾತೂ ಇಲ್ಲ, ಕೊನೆಯ ಇಪ್ಪತ್ತು ನಿಮಿಷಕ್ಕೂ ಇಲ್ಲ, ಭಾಷೆ ಬಾರದ ಹುಡುಗನಿಗೆ ಅದಕ್ಕಿಂತ ಒಳ್ಳೇ ಪಿಕ್ಚರ್ ಯಾವುದು ಹೇಳಿ. ಆದ್ರೆ ಕೊನೆ ಮಾತ್ರ ಅರ್ಥ ಆಗ್ಲಿಲ್ಲ. ಅಷ್ಟು ದೂರ ಗುರುಗ್ರಹದ ತನಕ ಹೋದ ಮನುಷ್ಯ, ಡೇವ್ ಬೋಮನ್ ಅಂತ, ಒಂದು ಬಿಳೀ ಕೋಣೆಯಲ್ಲಿ ಇರ್ತಾನೆ, ಕನ್ನಡಿ ನೋಡಿದ್ರೆ ಮುಖ ಸುಕ್ಕಾಗಿದೆ, ಪಕ್ಕದ ಕೋಣೆಯಲ್ಲಿ ಯಾರೋ ಊಟ ಮಾಡೋ ಶಬ್ದ, ಹೋಗಿ ನೋಡಿದ್ರೆ ಅಲ್ಲಿ ಕೂತು ಊಟ ಮಾಡ್ತಿರೋದು ಅವನೇ, ಇನ್ನೂ ವಯಸ್ಸಾದವ. ಆ ಊಟ ಮಾಡೋನ ಕೈ ತಾಗಿ ಗ್ಲಾಸು ಬಿದ್ದು ಒಡೀತದೆ, ಅವ ತಲೆ ಎತ್ತಿ ನೋಡಿದ್ರೆ ಮಂಚದ ಮೇಲೆ ಸಾಯೋಕೆ ಬಿದ್ದ ಮುದುಕ, ಅವನೂ ಅವನೇ. ನಾವು ಹುಡುಗರು ಬೇಜಾರಾಗಿ ಹೊರಗೆ ಬಂದ್ವಿ, ಕೊನೆಗೆ ಎಂತ ಮಾರಾಯ್ರೆ ಒಬ್ಬ ಮುದುಕ ಮಲಗೋದು ತೋರ್ಸಿದ್ರು ಅಂತ.

ಮೂರು ವರ್ಷದ ಹಿಂದೆ ಮಗಳು ಟೀವಿಗೆ ಅದೇ ಪಿಕ್ಚರ್ ಹಾಕಿ ಕೊಟ್ಳು. ಈ ಸಲ ಆ ಬಿಳೀ ಕೋಣೆ ಬಂದಾಗ ನಾನು ಸೋಫಾದಲ್ಲಿ ಮುಂದಕ್ಕೆ ಸರಿದು ಕೂತೆ. ಒಂದು ವಿಷಯ ಗಮನಿಸಿ ನೋಡಿ, ಅವ ತನಗಿಂತ ವಯಸ್ಸಾದ ತನ್ನನ್ನೇ ನೋಡ್ತಾನೆ, ಆ ಕ್ಷಣಕ್ಕೆ ನೋಡ್ತಿದ್ದವ ಮಾಯ, ಇನ್ನು ಆ ವಯಸ್ಸಾದವ ಮಾತ್ರ ಇರೋದು. ಹಿಂದಿರುಗಿ ನೋಡಿದ್ರೆ ಬಾಗಿಲಲ್ಲಿ ಯಾರೂ ಇಲ್ಲ. ನನಗೆ ವಯಸ್ಸಾದದ್ದು ಸರಿಯಾಗಿ ಹಾಗೇ. ನಲವತ್ತರವ ಯಾವಾಗ ಹೋದ ನನಗೆ ಗೊತ್ತಿಲ್ಲ, ಒಂದು ದಿನ ಡೊಂಬಿವಲಿ ಸ್ಟೇಷನ್ ಬ್ರಿಡ್ಜ್ ಮೆಟ್ಟಿಲಲ್ಲಿ ಯಾರೋ ಹುಡುಗ ಮರಾಠಿಯಲ್ಲಿ 'ಕಾಕಾ, ಜರಾ ಬಾಜೂಲಾ', ಅಂದ್ರೆ ಹಿರಿಯರೇ ಸ್ವಲ್ಪ ಪಕ್ಕಕ್ಕೆ, ಅಂದಾಗ ಕಾಕಾ ಯಾರು ಅಂತ ಹಿಂದೆ ನೋಡಿದೆ, ಹಿಂದೆ ಯಾರೂ ಇರ್ಲಿಲ್ಲ. ಈ ಪಿಕ್ಚರ್ ಮಾಡಿದ ಸ್ಟಾನ್ಲಿ ಕೂಬ್ರಿಕ್ 1999ರ ಮಾರ್ಚಲ್ಲಿ ತೀರಿಕೊಂಡ್ರು, 2001 ಅನ್ನೋ ಆ ವರ್ಷವನ್ನ ಅವರು ನೋಡ್ಲೇ ಇಲ್ಲ, ಆಗ ಅವರಿಗೆ 70. ನಾನೀಗ ಅವರಿಗಿಂತ ಒಂದು ವರ್ಷ ದೊಡ್ಡವ.

ಆ ಪಿಕ್ಚರಲ್ಲಿ ಹಾಲ್ ಅಂತ ಒಂದು ಕಂಪ್ಯೂಟರ್ ಉಂಟು, ಎಲ್ಲರಿಗೂ ಅದರ ಕೆಂಪು ಕಣ್ಣು ಗೊತ್ತು, ನಿಮ್ಮ ಪುಟದಲ್ಲೂ ಫೋಟೋ ಹಾಕಿದ್ರಿ, ವಿಲನ್ ಅಂತ ಬರ್ದಿದ್ರಿ. ವಿಲನ್ನೇ ಹೌದು, ಜನರನ್ನ ಕೊಲ್ತದೆ. ಆದ್ರೆ ಬೋಮನ್ ಅದರ ನೆನಪಿನ ತುಂಡುಗಳನ್ನ ಒಂದೊಂದೇ ಹೊರಗೆ ಎಳೀತಾ ಹೋಗುವಾಗ ಅದು ಹೇಳೋದು ಕೇಳಿ, ಭಯ ಆಗ್ತಿದೆ, ನನ್ನ ಬುದ್ಧಿ ಹೋಗ್ತಾ ಉಂಟು, ಅದು ನನಗೇ ಗೊತ್ತಾಗ್ತಾ ಉಂಟು ಅಂತ. ಆಮೇಲೆ ದನಿ ನಿಧಾನ ಆಗ್ತದೆ, ತಾನು ಹುಟ್ಟಿದ ದಿನ ಹೇಳ್ತದೆ, 1992 ಜನವರಿ 12, ಪಾಠ ಹೇಳಿಕೊಟ್ಟ ಮೇಷ್ಟ್ರನ್ನ ನೆನಪು ಮಾಡ್ತದೆ, ಅವರು ಕಲಿಸಿದ ಹಾಡು ಹೇಳ್ಲಾ ಅಂತ ಕೇಳಿ 'ಡೇಸಿ' ಅನ್ನೋ ಹಳೇ ಹಾಡು ಹೇಳ್ತಾ ಹೇಳ್ತಾ ದನಿ ದಪ್ಪ ಆಗಿ ನಿಂತೇ ಹೋಗ್ತದೆ. ಆ ಹಾಡು ಸುಮ್ನೆ ಆರಿಸಿದ್ದಲ್ಲ, 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್‌ನಲ್ಲಿ ಐಬಿಎಂ 704 ಅನ್ನೋ ಕಂಪ್ಯೂಟರ್ ನಿಜವಾಗಿಯೂ ಹಾಡಿದ ಹಾಡು ಅದು, ಕಥೆ ಬರೆದ ಆರ್ಥರ್ ಕ್ಲಾರ್ಕ್ ಅಲ್ಲಿಗೆ ಹೋಗಿ ಕೇಳಿದ್ರು. ಅಂದ್ರೆ ಆ ಮಷಿನ್ ಜಾತಿಯ ಬಾಲ್ಯದ ಹಾಡು.

ನನ್ನ ಅಮ್ಮ ಹೋದದ್ದು ಹಾಗೆ. ಅಪ್ಪ ತೀರಿದ ಮೇಲೆ ಊರಿಂದ ಕರ್ಕೊಂಡು ಬಂದು ನಮ್ಮ ಡೊಂಬಿವಲಿ ಮನೆಯಲ್ಲೇ ಇಟ್ಟುಕೊಂಡಿದ್ವಿ, ಎಂಟು ವರ್ಷ. ಮೊದಲು ಎಷ್ಟನೇ ಮಾಳಿಗೆ ಅಂತ ಮರೀತು, ಆಮೇಲೆ ಗ್ಯಾಸ್ ಆಫ್ ಮಾಡೋದು, ಆಮೇಲೆ ಸೊಸೆ ಹೆಸರು, ಆಮೇಲೆ ಅಪ್ಪ ತೀರಿದ್ದೇ ಮರೆತು ದಿನಾ ಸಂಜೆ ಗದ್ದೆಯಿಂದ ಇನ್ನೂ ಯಾಕೆ ಬರ್ಲಿಲ್ಲ ಅಂತ ಕೇಳೋದು, ನಾವು ದಿನಾ ಏನಾದ್ರೊಂದು ಹೇಳೋದು. ಡಾಕ್ಟರು ಹೇಳಿದ್ರು, ಈ ಕಾಯಿಲೆಯಲ್ಲಿ ಹೊಸ ನೆನಪು ಮೊದಲು ಹೋಗ್ತದೆ, ಹಳೇದು ಕೊನೆಗೆ. ಕೊನೇ ಆರು ತಿಂಗಳು ನನ್ನನ್ನ 'ಅಣ್ಣಯ್ಯ' ಅಂತಿದ್ರು, ಅಂದ್ರೆ ನಾನು ಅವರ ಮಗ ಅಲ್ಲ, ಅವರ ಅಣ್ಣ. ಅಷ್ಟು ಹಿಂದೆ ಹೋಗಿ ಆಗಿತ್ತು. ಮಾತು ಪೂರಾ ನಿಂತ ಮೇಲೂ ನೇಜಿ ನೆಡುವಾಗ ಹೆಂಗಸರು ಹೇಳೋ ಹಾಡಿನ ಎರಡು ಸಾಲು ಬರ್ತಿತ್ತು, ಏಳೋ ಎಂಟೋ ವರ್ಷದ ಹುಡುಗಿ ಗದ್ದೆ ಬದುವಲ್ಲಿ ಕೂತು ಕಲ್ತದ್ದು. ಒಂದು ದಿನ ಅದರಲ್ಲಿ ಒಂದು ಸಾಲು ಮಾತ್ರ ಬಂತು.

ಅಮ್ಮ ಇರುವಾಗ ಈ ಪಿಕ್ಚರ್ ಇನ್ನೊಂದು ಸಲ ನೋಡಿದ್ರೆ ನನಗೆ ಎಷ್ಟೋ ಸಹಾಯ ಆಗ್ತಿತ್ತು ಅಂತ ಈಗ ಅನ್ಸುತ್ತೆ. ಯಾಕಂದ್ರೆ ನಾನಾಗ ಸಿಟ್ಟು ಮಾಡ್ತಿದ್ದೆ, ನಿಮಗೆ ಎಷ್ಟು ಸಲ ಹೇಳ್ಬೇಕು ಅಂತ ಕೂಗ್ತಿದ್ದೆ. ಬುದ್ಧಿ ಹೋಗ್ತಾ ಇರೋದು ಒಳಗಿರುವವರಿಗೆ ಗೊತ್ತಾಗ್ತಾ ಇರ್ಬಹುದು, ಅವರಿಗೆ ಭಯ ಆಗ್ತಾ ಇರ್ಬಹುದು ಅಂತ ನನಗೆ ಒಬ್ಬರೂ ಹೇಳಿರ್ಲಿಲ್ಲ. ನಮ್ಮ ಮನೆಯವಳು ಮೊನ್ನೆ ನನ್ನ ಜೊತೆ ಕೂತು ಆ ಸೀನ್ ನೋಡಿ, ಸೀರೆ ಸೆರಗು ಬಾಯಿಗೆ ಹಿಡಿದುಕೊಂಡು, "ಹೋಯ್, ಇದು ನಿಮ್ಮ ಅಮ್ಮನೇ ಅಲ್ದಾ" ಅಂದ್ಳು. ಅವಳು ಅದಕ್ಕೂ ಮುಂಚೆ ಒಂದು ಸೈನ್ಸ್ ಫಿಕ್ಷನ್ ನೋಡಿದವಳಲ್ಲ.

ಈಗ ಸಿಟ್ಟಿನ ವಿಷಯ. ನಮ್ಮ ಹಿರಿಯ ನಾಗರಿಕರ ಒಂದು ಬಳಗ ಉಂಟು, ಹೆಸರು ಬೇಡ. ತಿಂಗಳಿಗೊಮ್ಮೆ ಸೇರ್ತೇವೆ, ಭಜನೆ, ಬಿಪಿ ಚೆಕ್, ಉಪ್ಪಿಟ್ಟು, ಒಮ್ಮೊಮ್ಮೆ ಪ್ರೊಜೆಕ್ಟರಲ್ಲಿ ಭಕ್ತಿ ಪಿಕ್ಚರ್. ನಾನು ಕಮಿಟಿಯಲ್ಲಿ ಒಂದು ಸಲ ಇಂಥ ಪಿಕ್ಚರ್ ಹಾಕೋಣ, ಮೊದಲು ಹತ್ತು ನಿಮಿಷ ಕಥೆ ನಾನು ಕನ್ನಡದಲ್ಲಿ ಹೇಳ್ತೇನೆ ಅಂದೆ. ಮೊದಲು ಅದು ಮಕ್ಕಳದ್ದಲ್ವಾ ಅಂದ್ರು. ಇಲ್ಲ, ಮುಪ್ಪಿನ ಬಗ್ಗೆ, ಸಾವಿನ ಬಗ್ಗೆ ಅಂದೆ. ಅದಕ್ಕೆ ಒಬ್ಬರು "ಬಿಡ್ತು ಅನ್ನಿ" ಅಂದ್ರು, ಅಲ್ಲಿಗೆ ಮುಗೀತು. ಮನೆಯಲ್ಲೂ ಅದೇ. ಲಿವಿಂಗ್ ವಿಲ್ ಅಂತ ಈಗ ಉಂಟು, ನಾಳೆ ನನಗೆ ಪ್ರಜ್ಞೆ ಇಲ್ಲದೆ ಬಿದ್ರೆ ಸುಮ್ನೆ ಮಷಿನ್ ಹಾಕಿ ಎಳೀಬೇಡಿ ಅಂತ ಮೊದಲೇ ಬರೆದಿಡೋದು, 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದು, 2023ರಲ್ಲಿ ಅದನ್ನ ಇನ್ನೂ ಸುಲಭ ಮಾಡಿ ಇಬ್ಬರು ಸಾಕ್ಷಿ, ಒಬ್ಬ ನೋಟರಿ ಅಥವಾ ಗೆಜೆಟೆಡ್ ಆಫೀಸರ್ ಮುಂದೆ ಸಹಿ ಹಾಕಿದ್ರೆ ಸಾಕು ಅಂದ್ರು. ನಾನು ಊಟಕ್ಕೆ ಕೂತಾಗ ಆ ಮಾತು ತೆಗೆದ್ರೆ ಮಗಳು "ಅಪ್ಪಾ, ಬಿಡ್ತು ಅನ್ನಿ, ಊಟದ ಹೊತ್ತಲ್ಲಿ ಎಂಥ ಮಾತು" ಅಂತಾಳೆ. ಪ್ರೀತಿಯಿಂದಲೇ ಹೇಳೋದು, ಅದು ಗೊತ್ತು. ಆದ್ರೆ 71 ವರ್ಷದವನಿಗೆ ಆ ಮಾತು ಆಡೋಕೆ ಬೇರೆ ಯಾವ ಹೊತ್ತು ಉಂಟು ಹೇಳಿ. ಆ ಪಿಕ್ಚರುಗಳು ನನಗೆ ಇಷ್ಟ ಆಗೋದು ಅದಕ್ಕೇ, ಅವು ಬಿಡ್ತು ಅನ್ನಿ ಅನ್ನೋದಿಲ್ಲ.

1973ರದ್ದು 'ಸಾಯ್ಲೆಂಟ್ ಗ್ರೀನ್' ತಗೊಳ್ಳಿ. ಕಥೆ ನಡೆಯೋದು 2022ರಲ್ಲಿ, ನ್ಯೂಯಾರ್ಕಲ್ಲಿ 4 ಕೋಟಿ ಜನ, ಮೆಟ್ಟಿಲ ಮೇಲೆ ಜನ ಮಲಗಿದ್ದಾರೆ, ದಾಟಿ ದಾಟಿ ಹೋಗ್ಬೇಕು, ನಮ್ಮ ಮುಂಬೈಯವರಿಗೆ ಅದನ್ನ ವಿವರಿಸೋದೇ ಬೇಡ. ಬಡವರಿಗೆ ತಿನ್ನೋಕೆ ಸಾಯ್ಲೆಂಟ್ ಅನ್ನೋ ಕಂಪೆನಿಯ ಬಿಸ್ಕಿಟ್ ತುಂಡು ಬಿಟ್ರೆ ಎಂತದೂ ಇಲ್ಲ. ಅದರಲ್ಲಿ ಸಾಲ್ ಅಂತ ಒಬ್ಬ ಮುದುಕ, ನಿಜವಾದ ಊಟದ ರುಚಿ ನೆನಪಿರೋದು ಅವನಿಗೆ ಮಾತ್ರ. ಅವನ ಜೊತೆಗಿರೋ ಪೊಲೀಸ್ ಹುಡುಗ ಎಲ್ಲಿಂದಲೋ ನಾಲ್ಕು ತರಕಾರಿ, ಒಂದು ತುಂಡು ಮಾಂಸ, ಸೇಬು ತರ್ತಾನೆ. ಮುದುಕ ಅದನ್ನ ನೋಡಿ ಅಳ್ತಾನೆ, ಆಮೇಲೆ ಅಡುಗೆ ಮಾಡಿ, ಟೇಬಲ್ ಒಪ್ಪ ಮಾಡಿ, ಹುಡುಗನಿಗೆ ತಿನ್ನೋದು ಹೇಗೆ ಅಂತ ತೋರಿಸ್ತಾ ಇಬ್ಬರೂ ಊಟ ಮಾಡ್ತಾರೆ, ಮಾತೇ ಇಲ್ಲ. ಹೋಟ್ಲಲ್ಲಿ ಸಾವಿರಾರು ಜನ ಊಟ ಮಾಡೋದು ನೋಡಿದವ ನಾನು. ಹಸಿದು ಬಂದವ ಮೊದಲ ತುತ್ತಿಗೆ ಕಣ್ಣು ಮುಚ್ಚೋದನ್ನ ಟೇಬಲ್ ಪಕ್ಕ ನಿಂತ ಮಾಣಿಗಿಂತ ಚೆನ್ನಾಗಿ ಯಾರೂ ನೋಡಿರೋದಿಲ್ಲ, ಆ ನಟ ಅದನ್ನ ಹಾಗೇ ಮಾಡಿದ್ದಾರೆ.

ಆ ನಟ ಎಡ್ವರ್ಡ್ ಜಿ. ರಾಬಿನ್ಸನ್, ಒಂದು ಕಾಲಕ್ಕೆ ಗ್ಯಾಂಗ್‌ಸ್ಟರ್ ಪಾತ್ರಗಳಿಗೆ ದೊಡ್ಡ ಹೆಸರು. ಇದು ಅವರ ಕೊನೇ ಪಿಕ್ಚರ್. ಕ್ಯಾನ್ಸರ್ ಇತ್ತು, ಕಿವಿ ಸರಿಯಾಗಿ ಕೇಳ್ತಿರ್ಲಿಲ್ಲ, ಶೂಟಿಂಗ್ ಮುಗಿಸಿ ಸ್ವಲ್ಪ ಸಮಯಕ್ಕೆ, 1973ರ ಜನವರಿ 26ಕ್ಕೆ, 79ನೇ ವಯಸ್ಸಲ್ಲಿ ಹೋದ್ರು, ಪಿಕ್ಚರ್ ಬಿಡುಗಡೆ ಆಗೋದನ್ನ ನೋಡ್ಲಿಲ್ಲ. ಪಿಕ್ಚರಲ್ಲಿ ಅವರು ಸಾಯೋ ಸೀನ್ ಉಂಟು. ಬದುಕು ಸಾಕಾದವರು ಹೋಗಿ ಹೆಸರು ಬರೆಸೋ ಒಂದು ಜಾಗ, ಅಲ್ಲಿ ಇಷ್ಟದ ಬಣ್ಣ ಯಾವುದು ಅಂತ ಕೇಳ್ತಾರೆ, ಯಾವ ಥರದ ಸಂಗೀತ ಬೇಕು ಅಂತ ಕೇಳ್ತಾರೆ, ಒಂದು ಲೋಟ ಕುಡಿಸಿ ಮಲಗಿಸ್ತಾರೆ, ಇಪ್ಪತ್ತು ನಿಮಿಷ ಸುತ್ತ ದೊಡ್ಡ ಪರದೆಯಲ್ಲಿ ಹೂವು, ಜಿಂಕೆ, ಹೊಳೆ, ಸಮುದ್ರ, ಬೀಥೊವನ್‌ನ ಸಂಗೀತ. ಹೊರಗೆ ಅದು ಯಾವುದೂ ಉಳಿದಿಲ್ಲ. ಓಡಿ ಬಂದ ಆ ಪೊಲೀಸ್ ಹುಡುಗ ಗಾಜಿನ ಆಚೆಯಿಂದ ನೋಡ್ತಾನೆ, ಲೋಕ ಹೀಗಿತ್ತು ಅಂತ ಅವನಿಗೆ ಆವತ್ತೇ ಗೊತ್ತಾಗೋದು, ಅಳ್ತಾನೆ. ಸತ್ತ ಮೇಲೆ ಎಂತ ಆಗ್ತದೆ ಅಂತ ನಾನು ಹೇಳೋದಿಲ್ಲ, ನೋಡದವರು ನೋಡಲಿ.

ಆ ಸೀನ್ ಎಷ್ಟು ಚೆಂದ ಉಂಟೋ ನನಗೆ ಅಷ್ಟೇ ಹೆದರಿಕೆ. ಆ ಜಾಗದಲ್ಲಿ ಎಲ್ಲ ನಯವಾಗಿ ಮಾತಾಡ್ತಾರೆ, ಆದ್ರೆ ಅವನಿಗೆ ಇರು ಅಂತ ಹೇಳೋವ್ರು ಒಬ್ಬರೂ ಇಲ್ಲ. ಅದೇ 1973ನೇ ಇಸವಿ ನವೆಂಬರಲ್ಲಿ ನಮ್ಮ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಉತ್ತರ ಕನ್ನಡದ ಹಳದೀಪುರದ ನರ್ಸ್ ಅರುಣಾ ಶಾನ್‌ಭಾಗ್ ಅವರಿಗೆ ಆದದ್ದು ನಿಮಗೆಲ್ಲ ಗೊತ್ತು. ಅಲ್ಲೇ ಕೆಲಸಕ್ಕಿದ್ದ ಒಬ್ಬ ಅವರ ಮೇಲೆ ಬಿದ್ದು ಮಾಡಿದ ಹಲ್ಲೆಯಲ್ಲಿ ಮೆದುಳಿಗೇ ಪೆಟ್ಟಾಯ್ತು, ಅದಕ್ಕಿಂತ ಹೆಚ್ಚು ಬರೆಯೋಕೆ ಕೈ ಬರೋದಿಲ್ಲ. ಅಲ್ಲಿಂದ 2015ರ ಮೇ 18ರ ತನಕ ಅವರು ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು, ಹತ್ತತ್ರ 42 ವರ್ಷ. ಅವರನ್ನ ಹೋಗೋಕೆ ಬಿಡಿ ಅಂತ ಸುಪ್ರೀಂ ಕೋರ್ಟಿಗೆ ಅರ್ಜಿ ಹೋದಾಗ 2011ರ ಮಾರ್ಚಲ್ಲಿ ಕೋರ್ಟ್ ಬೇಡ ಅಂತು, ಯಾಕಂದ್ರೆ ನೋಡ್ಕೊಳ್ತಾ ಇದ್ದ ಕೆಇಎಂ ನರ್ಸುಗಳು, ಡಾಕ್ಟರುಗಳು ಅವರು ನಮ್ಮವರು, ನಾವು ನೋಡ್ಕೊಳ್ತೇವೆ ಅಂದ್ರು. ಆದ್ರೆ ಅದೇ ತೀರ್ಪಲ್ಲಿ ಬೇರೆ ಕೇಸುಗಳಲ್ಲಿ ಚಿಕಿತ್ಸೆ ನಿಲ್ಲಿಸೋಕೆ ದಾರಿಯೂ ತೆರೀತು, ಇವತ್ತಿನ ಲಿವಿಂಗ್ ವಿಲ್ ಬಂದದ್ದು ಆ ದಾರಿಯಿಂದಲೇ. ಯಾವುದು ಸರಿ ಅಂತ ನನಗೆ ಒಂದೇ ಮಾತಲ್ಲಿ ಹೇಳೋಕೆ ಬರೋದಿಲ್ಲ. ನನಗಾಗಿ ಕೇಳಿದ್ರೆ ನಾನು ಮಷಿನ್ ಬೇಡ ಅಂತೇನೆ. ಆದ್ರೆ ಒಬ್ಬ ಹೆಂಗಸಿಗೆ ದಿನಾ ಮೈ ಒರೆಸಿ, ಮಗ್ಗುಲು ಬದಲಿಸಿ, ಹಾಸಿಗೆ ಹುಣ್ಣು ಆಗದ ಹಾಗೆ ನಾಲ್ಕು ದಶಕ ನೋಡಿಕೊಂಡ ಆ ನರ್ಸುಗಳನ್ನ ನೆನೆಸಿಕೊಂಡ್ರೆ ಆ ಪಿಕ್ಚರಿನ ಇಪ್ಪತ್ತು ನಿಮಿಷದ ಕೋಣೆಯಲ್ಲಿ ಇಲ್ಲದ್ದು ಎಂತ ಅಂತ ಗೊತ್ತಾಗ್ತದೆ. ಇದನ್ನ ನಾವು ನಾವೇ ಕೂತು ಮಾತಾಡ್ಬೇಕು ಅಂತಲೇ ನಾನು ಕಮಿಟಿಯಲ್ಲಿ ಹೇಳಿದ್ದು.

ನವೆಂಬರ್ ಅಂದ್ರೆ ನಮ್ಮಂಥ ಪೆನ್ಷನ್ ಜನಕ್ಕೆ ಇನ್ನೊಂದು ಉಂಟು, ಬದುಕಿದ್ದೇವೆ ಅಂತ ಬ್ಯಾಂಕಿಗೆ ತೋರಿಸ್ಬೇಕು, ಲೈಫ್ ಸರ್ಟಿಫಿಕೇಟ್. ಹೋದ ವರ್ಷ ನನ್ನ ಹೆಬ್ಬೆಟ್ಟಿನ ಗೆರೆ ಮಷಿನ್ ಹಿಡೀಲೇ ಇಲ್ಲ, ಸವೆದಿದೆ ಅಂದ್ರು, ನಾಲ್ಕು ಸಲ ಒರೆಸಿ ಒರೆಸಿ ಇಟ್ಟೆ. ಆಗ ನನಗೆ 1976ರ 'ಲೋಗನ್ಸ್ ರನ್' ನೆನಪಾಯ್ತು, ಅದರಲ್ಲಿ ಪ್ರತಿಯೊಬ್ಬರ ಅಂಗೈಯಲ್ಲಿ ಒಂದು ಹರಳು, 30 ತುಂಬುವ ದಿನ ಅದು ಮಿಣುಕೋಕೆ ಶುರು, ಅಲ್ಲಿಗೆ ಮುಗೀತು, ಮರುಹುಟ್ಟು ಸಿಗ್ತದೆ ಅಂತ ನಂಬಿಸಿ ಎಲ್ಲರ ಎದುರೇ ಮುಗಿಸಿಬಿಡ್ತಾರೆ. ಹಾಗಾಗಿ ಆ ಊರಲ್ಲಿ ಮುದುಕರನ್ನ ಕಂಡವರೇ ಇಲ್ಲ. ಪಿಕ್ಚರ್ ಒಟ್ಟಾರೆ ಅಷ್ಟೊಂದು ಒಳ್ಳೇದಲ್ಲ, ಸೆಟ್ಟು ಎಲ್ಲ ಮಾಲ್ ಥರ ಕಾಣ್ತದೆ. ಆದ್ರೆ ಓಡಿ ಹೋದ ಹುಡುಗ ಹುಡುಗಿ ಪಾಳು ಬಿದ್ದ ವಾಷಿಂಗ್ಟನ್‌ನಲ್ಲಿ ಬೆಕ್ಕುಗಳ ಜೊತೆ ಒಬ್ಬನೇ ಇರೋ ಮುದುಕನನ್ನ ನೋಡ್ತಾರೆ, ಪೀಟರ್ ಉಸ್ತಿನೋವ್ ಆ ಪಾತ್ರ ಮಾಡಿದ್ದು, ಆ ಹುಡುಗಿ ಅವನ ಮುಖದ ಗೆರೆಗಳನ್ನ ನೋಡಿ ಇದು ನೋಯ್ತದಾ ಅಂತ ಕೇಳ್ತಾಳೆ, ಮುಟ್ಟಿ ನೋಡ್ತಾಳೆ. ನೆರೆ ಕೆನ್ನೆಗೆ ತೆರೆ ಗಲ್ಲಕೆ ಅಂತ ಬಸವಣ್ಣನವರು ಹೇಳಿದ್ದನ್ನ ನೈಟ್ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಿ, 15 ವರ್ಷಕ್ಕೆ ಅದು ಪರೀಕ್ಷೆಗೆ ಬರೋ ಪದ್ಯ ಅಷ್ಟೇ. ನನ್ನ ಮೊಮ್ಮಗಳು ಐದು ವರ್ಷದವಳು, ತೊಡೆ ಮೇಲೆ ಕೂತು ನನ್ನ ಕತ್ತಿನ ಚರ್ಮ ಎಳೆದು ಬಿಡ್ತಾಳೆ, ಅದು ಮೆಲ್ಲಗೆ ವಾಪಸ್ ಹೋಗೋದನ್ನ ನೋಡ್ತಾಳೆ. ಅವಳಿಗೆ ಅಸಹ್ಯ ಇಲ್ಲ. ಆ ಹುಡುಗಿಗೂ ಇರ್ಲಿಲ್ಲ.

ಇನ್ನು 'ಬ್ಲೇಡ್ ರನ್ನರ್'. ನಿಮ್ಮ ಪುಟದಲ್ಲಿ ಅದರ ಹಾರುವ ಕಾರಿನ ಬಗ್ಗೆ ಎಂಟು ಸಾಲು ಉಂಟು, ರಾಯ್ ಬ್ಯಾಟಿ ಬಗ್ಗೆ ಅರ್ಧ ಸಾಲು. ರಾಯ್ ಅಂದ್ರೆ ಕಾರ್ಖಾನೆಯಲ್ಲಿ ಮಾಡಿದ ಮನುಷ್ಯ, ಆಯುಷ್ಯ ನಾಲ್ಕೇ ವರ್ಷ ಅಂತ ಮಾಡಿದವರೇ ಇಟ್ಟದ್ದು. ಅವ ಭೂಮಿಗೆ ಬರೋದು ಯುದ್ಧಕ್ಕಲ್ಲ, ತನ್ನನ್ನ ಮಾಡಿದವನ ಎದುರು ನಿಂತು ಇನ್ನಷ್ಟು ಆಯುಷ್ಯ ಕೊಡು ಅಂತ ಕೇಳೋಕೆ. ಆಗೋದಿಲ್ಲ ಅಂತ ಉತ್ತರ ಬರ್ತದೆ. ಇದು ನಮಗೆ ಹೊಸ ಕಥೆಯಾ ಸಾರ್, ಯಯಾತಿ ಬೇರೆ ಎಂತ ಕೇಳಿದ? ಅದನ್ನ ನಾಟಕ ಮಾಡಿದ ಗಿರೀಶ್ ಕಾರ್ನಾಡರು ಹುಟ್ಟಿದ್ದು ನಮ್ಮ ಮಾಥೇರಾನ್‌ನಲ್ಲಿ, ಡೊಂಬಿವಲಿಯಿಂದ ಕರ್ಜತ್ ಲೋಕಲ್ ಹಿಡಿದು ನೇರಳ್‌ನಲ್ಲಿ ಇಳಿದ್ರೆ ಮೇಲೆ ಬೆಟ್ಟ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ ಬರೆದದ್ದು, ಅಪ್ಪನ ಮುಪ್ಪನ್ನ ಮಗ ಹೊತ್ರೆ ಆ ಮಗನ ಹೆಂಡತಿ ಎಂತ ಮಾಡ್ಬೇಕು ಅಂತ ಕೇಳಿದ್ರು. ಅವರು ತಮ್ಮ ಕಡೇ ವರ್ಷಗಳಲ್ಲಿ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡೇ ಸಭೆಗೆ ಬಂದು ಕೂರ್ತಿದ್ರು, ಮುಚ್ಚಿಡ್ಲಿಲ್ಲ. 2019ರ ಜೂನ್ 10ಕ್ಕೆ ಹೋದ್ರು. ರಾಯ್ ಪಾತ್ರ ಮಾಡಿದ ರಟ್ಗರ್ ಹಾವರ್ ಹೋದದ್ದು ಅದೇ 2019ರ ಜುಲೈ 19ಕ್ಕೆ. ಮತ್ತೆ 1982ರಲ್ಲಿ ಬಂದ ಆ ಪಿಕ್ಚರಿನ ಕಥೆ ನಡೆಯೋದು 2019ರ ನವೆಂಬರಲ್ಲಿ. ಅಂದ್ರೆ ರಾಯ್ ಸತ್ತ ವರ್ಷವೇ ಹಾವರ್ ಸತ್ತರು. ನಾನು ಆ ಸುದ್ದಿ ಪೇಪರಲ್ಲಿ ಓದಿದ ದಿನ ಊಟ ಮಾಡೋಕೆ ಮನಸ್ಸಾಗ್ಲಿಲ್ಲ.

ಕೊನೆಗೆ ಮಳೆಯಲ್ಲಿ ಕೂತು ರಾಯ್ ಹೇಳ್ತಾನೆ, ನೀವು ನಂಬದ್ದನ್ನೆಲ್ಲ ನಾನು ನೋಡಿದ್ದೇನೆ, ಅದೆಲ್ಲ ಮಳೆಯಲ್ಲಿ ಕಣ್ಣೀರಿನ ಹಾಗೆ ಹೋಗ್ತದೆ ಅಂತ. ಆ ಮಳೆ ಕಣ್ಣೀರಿನ ಮಾತು ಸ್ಕ್ರಿಪ್ಟಲ್ಲಿ ಇರ್ಲಿಲ್ಲ, ಉದ್ದ ಇದ್ದ ಡೈಲಾಗ್ ಕತ್ತರಿಸಿ ಹಾವರ್ ತಾವೇ ಸೇರಿಸಿದ್ದು. ಬೊಂಬಾಯಿಗೆ ಹುಡುಗರಾಗಿ ಬಂದ ನಮ್ಮ ಕಡೆಯವರು ಯಾರನ್ನ ಬೇಕಾದ್ರೂ ಕೇಳಿ, ಎಲ್ಲರ ಹತ್ತಿರ ಇಂಥದ್ದು ಉಂಟು. ನಾನು ಬೆಳಿಗ್ಗೆ ಪರೇಲಿನ ಬಟ್ಟೆ ಗಿರಣಿಗಳ ಭೋಂಗಾ, ಅಂದ್ರೆ ಸೈರನ್, ಒಂದರ ಹಿಂದೆ ಒಂದು ಕೂಗೋದನ್ನ ಕೇಳಿದ್ದೇನೆ, 1982ರ ಜನವರಿಯಲ್ಲಿ ಮುಷ್ಕರ ಶುರುವಾಗಿ ಅದು ಒಂದೊಂದೇ ನಿಂತದ್ದನ್ನೂ ಕೇಳಿದ್ದೇನೆ. ಹೋಟ್ಲು ಬಾಗಿಲು ಹಾಕಿದ ಮೇಲೆ ಒಂದೇ ಬಲ್ಬಿನ ಕೆಳಗೆ ಓದು ಬಾರದ ಹನ್ನೊಂದು ಹುಡುಗರಿಗೆ ಊರಿಗೆ ಕಾಗದ ಬರೆದುಕೊಟ್ಟಿದ್ದೇನೆ, ಅದರಲ್ಲಿ ಒಬ್ಬ ಪ್ರತಿ ಸಲ 'ನಾನು ಸೌಖ್ಯ' ಅಂತ ಬರೆಸೋನು, ಅವನಿಗೆ ಟಿಬಿ ಇತ್ತು. 2005ರ ಜುಲೈ 26ಕ್ಕೆ ಸೊಂಟದ ತನಕ ನೀರಲ್ಲಿ ಗುರುತಿಲ್ಲದವರ ಕೈ ಹಿಡಿದು ಸಯನ್ ದಾಟಿದ್ದೇನೆ. ಇದನ್ನ ನಾನು ಹೋದ ಮೇಲೆ ಯಾರು ಹೇಳ್ತಾರೆ. ಹಾಗಾಗಿ ಆ ಸೀನ್ ಯುವಕರದ್ದು, ನಿಮಗೆ ರುಚಿ ಹತ್ತೋದಿಲ್ಲ ಅಂತ ನೀವು ಬರೆದ್ರೆ ನನಗೆ ಹೇಗೆ ಆಗ್ಬೇಡ.

ಸಾವೇ ಇಲ್ಲದಿದ್ರೆ ಒಳ್ಳೇದಾ ಅಂತಲೂ ಅವರು ಮಾಡಿ ನೋಡಿದ್ದಾರೆ. 1974ರ 'ಜಾರ್ಡೋಜ್' ಅಂತ ಒಂದು, ವಿಚಿತ್ರ ಪಿಕ್ಚರ್, ಎಲ್ಲರಿಗೂ ಹೇಳೋದಿಲ್ಲ ನಾನು, ಅಲ್ಲಿ ಯಾರೂ ಸಾಯೋದಿಲ್ಲ, ತಪ್ಪು ಮಾಡಿದವರಿಗೆ ಶಿಕ್ಷೆ ಅಂದ್ರೆ ವಯಸ್ಸು ಮಾಡೋದು, ಮುಪ್ಪಾಗಿ ಸಾವಿಲ್ಲದೆ ಇರೋದು. ಅಶ್ವತ್ಥಾಮನಿಗೆ ಕೃಷ್ಣ ಕೊಟ್ಟ ಶಾಪ ಗೊತ್ತಿರುವವರಿಗೆ ಕಥೆ ಬಿಡಿಸಿ ಹೇಳ್ಬೇಕಾಗಿಲ್ಲ. 'ಸ್ಟಾರ್ ಟ್ರೆಕ್' ಎರಡನೇದರಲ್ಲಿ ಕ್ಯಾಪ್ಟನ್‌ಗೆ ಹುಟ್ಟುಹಬ್ಬಕ್ಕೆ ಗೆಳೆಯ ಕೊಡೋದು ಓದೋ ಕನ್ನಡಕ, ಅವ ಅದನ್ನ ಹಾಕ್ಕೊಳ್ಳೋಕೆ ನಾಚಿಕೊಳ್ತಾನೆ, ಅದೊಂದು ಸಾಕು.

ನಾನು ಬಳಗದವರಿಗೆ ತೋರಿಸ್ಬೇಕು ಅಂತ ಇಟ್ಟುಕೊಂಡಿದ್ದು ಮಾತ್ರ 1985ರ 'ಕಕೂನ್'. ಅಮೆರಿಕದ ಫ್ಲೋರಿಡಾದಲ್ಲಿ ಒಂದು ವೃದ್ಧರ ಮನೆ, ಅಲ್ಲಿನ ಮೂವರು ಗಂಡಸರು ಪಕ್ಕದ ಬಂಗಲೆಯ ಈಜುಕೊಳಕ್ಕೆ ಕದ್ದು ಹೋಗ್ತಾರೆ, ಬೇರೆ ಗ್ರಹದವರು ಅದರಲ್ಲಿ ಏನೋ ಇಟ್ಟಿದ್ದಾರೆ, ಈ ಮುದುಕರಿಗೆ ಮೈಯಲ್ಲಿ ಶಕ್ತಿ ಬರ್ತದೆ. ಅದರಲ್ಲಿ ಮಾಡಿದ ಡಾನ್ ಅಮೀಚಿಗೆ ಆಸ್ಕರ್ ಬಂತು, 77ನೇ ವಯಸ್ಸಿಗೆ. ನಗು ಉಂಟು, ಡಾನ್ಸ್ ಉಂಟು, ನಮ್ಮವರಿಗೆ ಖಂಡಿತ ಹಿಡಿಸ್ತದೆ. ಆದ್ರೆ ಒಬ್ಬನಿಗೆ ಕ್ಯಾನ್ಸರ್ ವಾಸಿಯಾದ ಕೂಡ್ಲೇ ಹಳೇ ಹೆಣ್ಣಿನ ಚಾಳಿಯೂ ವಾಪಸ್ ಬರ್ತದೆ, ಹೆಂಡತಿ ಮನೆ ಬಿಟ್ಟು ಹೋಗ್ತಾಳೆ, ಇದನ್ನ ಬರೆದವರು ಯಯಾತಿ ಕಥೆ ಕೇಳಿರ್ಬೇಕು ಅಂತ ನನಗೆ ಅನ್ನಿಸ್ತು. ಕೊನೆಗೆ ಆ ಗ್ರಹದವರು ನಮ್ಮ ಜೊತೆ ಬನ್ನಿ, ಅಲ್ಲಿ ಕಾಯಿಲೆ ಇಲ್ಲ, ಮುಪ್ಪಿಲ್ಲ, ಸಾವಿಲ್ಲ ಅಂತಾರೆ. ಎಲ್ಲರೂ ಹೊರಡ್ತಾರೆ. ಬರ್ನಿ ಅಂತ ಒಬ್ಬ ಮಾತ್ರ ಹೋಗೋದಿಲ್ಲ. ಮೊದಲಿಂದ ಆ ನೀರು ಬೇಡ ಅಂದವ, ಹೆಂಡತಿ ತೀರಿದ ದಿನ ಅವಳನ್ನ ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಅದೇ ನೀರಿಗೆ ಇಳಿಸ್ತಾನೆ, ಅಷ್ಟೊತ್ತಿಗೆ ನೀರಿನ ಶಕ್ತಿ ಮುಗಿದಿರ್ತದೆ. ಇದು ನನ್ನ ಮನೆ ಅಂತ ಅಲ್ಲೇ ಉಳೀತಾನೆ.

ನಮ್ಮ ಬಳಗದಲ್ಲಿ ಪ್ರತಿ ಸಲ ಸೇರಿದಾಗ ಬರೋ ಮಾತು ಇದೇ ಅಲ್ವಾ. ಊರಿಗೆ ಹೋಗಿ ಇರೋದಾ, ಇಲ್ಲೇ ಇರೋದಾ, ಮಕ್ಕಳ ಹತ್ತಿರ ಅಮೆರಿಕಕ್ಕೆ ಹೋಗೋದಾ. ಊರಿನ ಮನೆಗೆ ಬೀಗ, ಅಲ್ಲಿ ಮಾತಾಡೋಕೆ ಜನ ಇಲ್ಲ, ಇಲ್ಲಿ ಲಿಫ್ಟ್ ಇಲ್ಲದ ಮೂರನೇ ಮಾಳಿಗೆ. ಹೋದವರು ಫೋನ್ ಮಾಡಿ ಎಲ್ಲ ಅನುಕೂಲ ಉಂಟು ಅಂತಾರೆ, ಆಮೇಲೆ ಸ್ವಲ್ಪ ಹೊತ್ತು ಸುಮ್ನಾಗ್ತಾರೆ. ಎರಡು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಒಬ್ಬರು ನಮ್ಮಲ್ಲಿದ್ದಾರೆ, ಮಗ ಎಷ್ಟು ಕರೆದ್ರೂ ಹೋಗ್ಲಿಲ್ಲ, ದಿನಾ ಸಂಜೆ ಅವಳು ತರಕಾರಿ ತಗೊಳ್ತಿದ್ದ ಗಾಡಿ ಹತ್ತಿರ ಹೋಗಿ ಕಾಲು ಕಿಲೋ ಏನಾದ್ರೂ ತಗೊಂಡು ಬರ್ತಾರೆ. ಅವರನ್ನ ಬರ್ನಿ ಸೀನ್ ಬರುವಾಗ ನನ್ನ ಪಕ್ಕ ಕೂರಿಸ್ಕೊಳ್ಬೇಕು ಅಂತ ಉಂಟು.

ಹಾಗಾಗಿ ಸಂಪಾದಕರಲ್ಲಿ ನನ್ನ ವಿನಂತಿ ಎರಡು. ಒಂದು, ಆ ಸಾಲನ್ನ ತಿದ್ದಿ, ಇದೇ ಪತ್ರ ಹಾಕಿದ್ರೂ ಆಯ್ತು. ಇನ್ನೊಂದು, ಮುಂಬೈಯಲ್ಲಿ ಹಾಲ್ ಇರೋ ನಮ್ಮ ಕನ್ನಡ ಸಂಘಗಳು ಬೇಕಾದಷ್ಟು ಉಂಟು, ಮಾಟುಂಗಾದಿಂದ ಮುಲುಂಡ್ ತನಕ, ಯಾರಾದ್ರೂ ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ಕೊಟ್ರೆ ನಾನು ಬಂದು ಮೊದಲು ಕಥೆ ಕನ್ನಡದಲ್ಲಿ ಹೇಳ್ತೇನೆ, ಆಮೇಲೆ ಪಿಕ್ಚರ್, ಆಮೇಲೆ ಮಾತು. ದುಡ್ಡು ಬೇಡ. ಹಾಲ್ ಗ್ರೌಂಡ್ ಫ್ಲೋರಲ್ಲೋ ಲಿಫ್ಟ್ ಇರೋ ಕಡೆಯೋ ಇರ್ಲಿ, ಬಾತ್‌ರೂಮ್ ಹತ್ತಿರ ಇರ್ಲಿ, ನಡುವೆ ಹದಿನೈದು ನಿಮಿಷ ಚಹಾಕ್ಕೆ ನಿಲ್ಲಿಸೋಣ. ಕಕೂನ್ ಎರಡು ಗಂಟೆಗೆ ಮೂರು ನಿಮಿಷ ಕಡಿಮೆ. ಹನ್ನೆರಡೂವರೆಗೆ ಶುರು ಮಾಡಿದ್ರೆ ಮಾತುಕತೆ ಮುಗಿಸಿ ನಾಲ್ಕೂವರೆ ಲೋಕಲ್ ಹಿಡೀಬಹುದು, ಆಮೇಲಿನ ಗರ್ದಿಯಲ್ಲಿ ನಮ್ಮ ಜನಕ್ಕೆ ಹತ್ತೋಕೆ ಆಗೋದಿಲ್ಲ.

ಇತಿ,
ನಿಮ್ಮ ಹಳೇ ಓದುಗ
ಡೊಂಬಿವಲಿ ಪೂರ್ವ